ಹಿಂದೆ ಫ್ಯಾನ್ ತಿರುಗುತ್ತಿರಬೇಕು

5 ಜನವರಿ 2015, ಸೋಮವಾರ. ಬೆಳಿಗ್ಗೆ 7.40

ಏಳಕ್ಕೆ ಸರಿಯಾಗಿ ಕಾನ್ಫರೆನ್ಸ್. ಸ್ಕ್ರೀನಿನ ಮೇಲೆ ಮೂರು ಚೌಕ. ಕೋಪರಿಯ ಹೋಟೆಲಿನಿಂದ ನಾನು. ಮಹಾಪೆಯ ಕಂಪನಿಯಲ್ಲಿ ನಾನೇ ನಡೆಸುವ ಕ್ಯಾಂಟೀನಿನಿಂದ ಅಡುಗೆಯ ಮುರಾರಿ. ಡೊಂಬಿವಲಿಯಿಂದ ಅಶ್ಮಿತಾ — ಅಕ್ಕನ ಮಗಳು. ಕಂಪನಿಯವರಿಗೆ ದಿನದ ಮೆನುವನ್ನು ಇಂಗ್ಲಿಷಿನಲ್ಲಿ ಮೇಲ್ ಮಾಡುವುದು ಅವಳ ಕೆಲಸ. ಹತ್ತು ನಿಮಿಷ, ಅಷ್ಟೆ. ಆಮೇಲೆ ಅವಳು ಲೋಕಲ್ ರೈಲು ಹಿಡಿಯಲು ಓಡುತ್ತಾಳೆ.

ಇವತ್ತು ದೊಡ್ಡ ರಾಮಾಯಣ. ಮಹಾಪೆಯಲ್ಲಿ ಇಡ್ಲಿ ಸಾಲದು. ಶನಿವಾರದ ಕಾನ್ಫರೆನ್ಸಿನಲ್ಲೇ ಸ್ಪಷ್ಟವಾಗಿ ಹೇಳಿದ್ದೆ — ಸೋಮವಾರ ಕಂಪನಿಗೆ ಹೊರಗಿನವರು ಬರುತ್ತಾರೆ, ಇನ್ನೂರು ಇಡ್ಲಿ ಜಾಸ್ತಿ ಬೇಕು, ಆಯ್ತಾ ಎಂದು. ಮುರಾರಿ ತಲೆ ಬಗ್ಗಿಸಿದ್ದ. ಕಣ್ಣಾರೆ ನೋಡಿದ್ದೇನೆ. ಈಗ ಕೇಳಿದರೆ ಹಿಟ್ಟೇ ಇಲ್ಲವಂತೆ.

"ನೀನು ತಲೆ ಬಗ್ಗಿಸಿದ್ದು ಸುಳ್ಳಾ ಮಾರಾಯ?"

"ಅಣ್ಣ, ನಾನು ಬಗ್ಗಿದ್ದು ಚಪ್ಪಲಿ ಹುಡುಕ್ಲಿಕ್ಕೆ. ಅಷ್ಟರಲ್ಲೇ ನಿಮ್ಮ ಮಾತು ಕಟ್ ಆಗಿತ್ತು. ಇನ್ನೂರು ಇಡ್ಲಿಯ ಸುದ್ದಿ ನಂಗೆ ಇವತ್ತೇ ಗೊತ್ತಾಗುದು."

ಅಶ್ಮಿತಾ ನಕ್ಕಳು. "ಮಾಮಾ, ಪಿಕ್ಚರ್ ಅಟಕ್ ಗಯಾ ಥಾ, ನಿಂತೇ ಹೋಗಿತ್ತು. ನೀವು ಫೋಟೋ ಜೊತೆ ಬಾತ್ ಮಾಡಿದ್ದು."

ಇರಬಹುದು. ಅವಲಕ್ಕಿ ಒಗ್ಗರಣೆ ಹಾಕಲು ಹೇಳಿದೆ. ಬಂದವರು ಅದನ್ನೇ ಹೊಗಳುತ್ತಾರೆ. ನಾನು ಹೇಳಿದ ಮೇಲೆ ಹೊಗಳಲೇಬೇಕು.

7 ಜನವರಿ, ಬುಧವಾರ. ಮಧ್ಯಾಹ್ನ 3.30

ಹೊಗಳಿದರು. ಮುರಾರಿಯ ಬಾಯಿಂದಲೇ ಕೇಳಿದೆ.

ಕಾನ್ಫರೆನ್ಸಿನ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು, ಅದರಲ್ಲೂ ಮಾಸ್ತರರ ತೋಟಕ್ಕೆ ನೀರು ಹಾಕಿದ ದಿನಗಳೇ ಹೆಚ್ಚು. ಆದರೆ ಮಹಾಪೆಯ ಆ ಕಂಪನಿಯ ಕಾನ್ಫರೆನ್ಸ್ ರೂಮಿಗೆ ನಾಲ್ಕು ವರ್ಷ ಚಹಾ ಹೊತ್ತಿದ್ದೇನೆ. ಬಾಗಿಲಷ್ಟು ದೊಡ್ಡ ಸ್ಕ್ರೀನ್. ಚೆನ್ನೈ, ಪುಣೆ, ಸಿಂಗಾಪುರ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರಿಗೂ ಏನೂ ಕೇಳಿಸುವುದಿಲ್ಲ. ಕೊನೆಗೆ ಒಬ್ಬ, ಇದನ್ನೆಲ್ಲ ಮೇಲ್ ಮಾಡಿ ಎನ್ನುತ್ತಾನೆ. ಚಹಾದ ಕಪ್ ಇಡುತ್ತಾ ಇಡುತ್ತಾ ಅವರ ತಪ್ಪುಗಳನ್ನೆಲ್ಲ ಕಲಿತೆ.

ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಗಲ್ಲಿಯ ಕೇಬಲ್‌ನವನ ನೆಟ್. ಸ್ಕೈಪ್ ಹಾಕಿಕೊಟ್ಟವಳು ಅಶ್ಮಿತಾ. ಲ್ಯಾಪ್‌ಟಾಪ್ ರವೆ ಡಬ್ಬದ ಮೇಲೆ ಕೂರಬೇಕು, ಆಗ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ — ಇದು ನನ್ನದೇ ಶೋಧ. ಕಿಟಕಿ ಮುಖದ ಎದುರಿಗೆ ಇರಬೇಕು, ಬೆನ್ನಿಗೆ ಇದ್ದರೆ ಮನುಷ್ಯ ಭೂತದ ಹಾಗೆ ಕಾಣುತ್ತಾನೆ. ಮಾತಿಗೆ ಮೊದಲು ಹೆಸರು ಹೇಳಬೇಕು. ಮಾತು ತುಂಡಾದರೆ ಚಿತ್ರ ಬಂದ್ ಮಾಡಿ ಬರೀ ಧ್ವನಿ ಇಟ್ಟುಕೊಳ್ಳಬೇಕು. ಅದೂ ಹೋದರೆ ಫೋನು. ಹೋಗಿ ಬಂದವರು "ಬಂದೆ, ಏನಾಯಿತು" ಎಂದು ಕೇಳಬೇಕು, ನಾಚಿಕೊಳ್ಳಬಾರದು.

ಮುರಾರಿಯ ಚಪ್ಪಲಿಯಿಂದ ಹುಟ್ಟಿದ್ದು ಕೊನೆಯ ನಿಯಮ: ಪ್ರತಿಯೊಬ್ಬರ ಬೆನ್ನ ಹಿಂದೆ ಫ್ಯಾನ್ ತಿರುಗುತ್ತಿರಬೇಕು. ಫ್ಯಾನ್ ನಿಂತರೆ ಮನುಷ್ಯನೂ ನಿಂತ ಎಂದು ಲೆಕ್ಕ. ನಿಂತವನ ಒಪ್ಪಿಗೆ ಒಪ್ಪಿಗೆಯಲ್ಲ.

ಜಯಲತಾ ಓದಿದಳು. "ಜನವರಿ ಚಳಿಯಲ್ಲಿ ಫ್ಯಾನ್ ಹಾಕ್ಲಿಕ್ಕೆ ನಿಮಗೆ ಮರ್ಲಾ?" ಎಂದಳು. ಹೆಂಡತಿಗೆ ಈ ವಿದ್ಯೆ ತಿಳಿಯುವುದಿಲ್ಲ.

ಮಹಾಪೆಗೆ ದಿನಾ ಎರಡು ಸಲ ಹೋಗುತ್ತಿದ್ದವನು ಈಗ ವಾರಕ್ಕೆ ಎರಡು ಸಲ. ಆ ಕಂಪನಿಯ ದೊಡ್ಡ ಸಾಹೇಬರಿಗೆ ಕಲಿಸಿಕೊಡಬೇಕು ನಾನು.

12 ಜನವರಿ, ಸೋಮವಾರ. ಸಂಜೆ

ಡೊಂಬಿವಲಿಯಿಂದ ವನಮಾಲಕ್ಕನ ಫೋನು. ಅಶ್ಮಿತಾಳಿಗೆ ಸಂಬಂಧ ಕೂಡಿಬರುವ ಹಾಗಿದೆ. ಕಾರ್ಕಳದವರು. ಹುಡುಗ ಕಶ್ಯಪ, ಬಹ್ರೈನಿನಲ್ಲಿ ಕೆಲಸ. ತಂದೆ ವಸಂತಕುಮಾರ ರಾಯರು, ಅಜ್ಜಿ ವಾರಿಜಮ್ಮ. ದೀಪಾವಳಿಗೆ ಹುಡುಗ ಬಂದಾಗ ಊರಿನ ಮಠದಲ್ಲಿ ಎರಡೂ ಕಡೆಯವರು ನೋಡಿ ಆಗಿದೆ. ಈಗ ನಿಶ್ಚಯ ಮಾಡಿಬಿಡಬೇಕು ಎನ್ನುತ್ತಾರೆ. ಹುಡುಗನಿಗೆ ರಜೆ ಇಲ್ಲ. ಅಜ್ಜಿಗೆ ರಾತ್ರಿಯಿಡೀ ರೈಲಿನಲ್ಲಿ ಕೂರಲು ಸೊಂಟ ಇಲ್ಲ. ಅಜ್ಜಿ ಇಲ್ಲದೆ ರಾಯರು ಹೊರಡುವವರಲ್ಲ.

"ಎಂತ ಮಾಡುದು ತಾರು?"

"ಎಂತ ಮಾಡುದು ಅಂದ್ರೆ? ನಾನಿಲ್ವಾ ಅಕ್ಕ? ಕಾನ್ಫರೆನ್ಸ್‌ನಲ್ಲಿ ನಿಶ್ಚಯ. ನಾಲ್ಕು ಊರು, ಒಂದು ಮುಹೂರ್ತ. ಯಾರೂ ಸೀಟಿಂದ ಏಳ್ಬೇಕಿಲ್ಲ."

"ತಾಂಬೂಲ?"

ಅದನ್ನೂ ಯೋಚಿಸಿ ಇಟ್ಟಿದ್ದೆ. ಅಂದರೆ, ಅವಳು ಕೇಳಿದ ಮೇಲೆ ಯೋಚಿಸಿದೆ. ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ ಬಸ್ಸಿನಲ್ಲಿ ಮೊದಲೇ ಅತ್ತಿಂದಿತ್ತ. ವೀಳ್ಯದೆಲೆ ಮಾತ್ರ ಬಾಡುತ್ತದೆ, ಅದನ್ನು ಅವರವರ ಊರಿನಲ್ಲೇ ತೆಗೆದುಕೊಳ್ಳುವುದು. ಹೊತ್ತಿಗೆ ಸರಿಯಾಗಿ ಎರಡೂ ಕಡೆ ತಟ್ಟೆ ಎತ್ತುವುದು.

ಅಕ್ಕ "ನಿನ್ನ ಭಾವ ಇದ್ದಿದ್ರೆ ನಗಾಡ್ತಿದ್ರು" ಎಂದಳು. ಭಾವ ಹೋಗಿ ಆರು ವರ್ಷ. ಆ ಮನೆಯ ವಿಷಯದಲ್ಲಿ ಈಗ ನನ್ನ ಮಾತಿಗೇ ಭಾರ.

ಇನ್ನೊಂದು ಕ್ರಮ ಇದೆ ನಮ್ಮಲ್ಲಿ. ತಟ್ಟೆ ಎತ್ತುವ ಮೊದಲು ಸೋದರಮಾವ ಎಲ್ಲರೆದುರು ಹುಡುಗಿಯನ್ನು ಮೂರು ಸಲ ಕೇಳಬೇಕು — ಒಪ್ಪಿಗೆಯಾ? ಅವಳು ಬಾಯಿ ಬಿಟ್ಟು ಏನು ಹೇಳಿದರೂ ಅದನ್ನು ಯಾರೂ ದಾಟುವಂತಿಲ್ಲ. ಏನೂ ಹೇಳದೆ ತಲೆ ಬಗ್ಗಿಸಿದರೆ ಒಪ್ಪಿಗೆ. ಇದುವರೆಗೆ ಯಾರೂ ಬಾಯಿ ಬಿಟ್ಟದ್ದಿಲ್ಲ. ಅಕ್ಕ ತಲೆ ಬಗ್ಗಿಸಿದ್ದಳು. ಜಯಲತಾ ಕೂಡ ಬಗ್ಗಿಸಿದ್ದಳು, ಆಮೇಲೆ ಎತ್ತಿದ್ದನ್ನು ಇವತ್ತಿನವರೆಗೆ ಇಳಿಸಲಿಲ್ಲ.

14 ಜನವರಿ, ಬುಧವಾರ

ಮಹಾಪೆಗೆ ಹೋಗಿದ್ದೆ. ಅಶ್ಮಿತಾಳ ಆಫೀಸು ಕ್ಯಾಂಟೀನಿನ ಎದುರಿನ ಕಟ್ಟಡ. ನಾಲ್ಕಕ್ಕೆ ಚಹಾ ಕುಡಿಯಲು ಬಂದಳು. ಕೈಯಲ್ಲಿ ದಪ್ಪ ಪುಸ್ತಕ. ಸಿಎ ಕೊನೆಯ ಪರೀಕ್ಷೆ. ಎರಡು ಗ್ರೂಪಿನಲ್ಲಿ ಒಂದು ಆಗಿದೆ, ಇನ್ನೊಂದು ಕಳೆದ ಸಲ ಹೋಯಿತು.

"ಮಾಮಾ, ಮುಲ್ಗಾ ಕೆಟ್ಟವನು ಅಂತ ಅಲ್ಲ. ಆದ್ರೆ ಪರೀಕ್ಷೆ ಮೇನಲ್ಲಿ. ಅಮ್ಮ ಏಪ್ರಿಲ್ ಎಂಡ್‌ಗೇ ಲಗ್ನ ಅಂತಾಳೆ. ಆಮೇಲೆ ಬಹ್ರೈನ್. ಫಿರ್ ಓದ್ಲಿಕ್ಕೆ ಯಾರು ಬಿಡ್ತಾರೆ?"

"ಅಮ್ಮನಿಗೆ ಹೇಳು."

"ದಸ್ ಬಾರ್ ಹೇಳಿದೆ. ಆಮೇಲೆ ಬರೆದ್ರಾಯ್ತು ಅಂತಾಳೆ." ಚಹಾ ಊದಿದಳು. ಕುಡಿಯಲಿಲ್ಲ. "ನೀವು ಕೇಳ್ತೀರಲ್ಲ, ಎಲ್ಲರೆದುರು, ಮೂರು ಸಲ? ತಬ್ ಹೇಳ್ತೇನೆ. ಪಾಸ್ ಆದ ಮೇಲೇ ಲಗ್ನ ಅಂತ. ಆಗ ಅಮ್ಮ ಏನೂ ಮಾಡ್ಲಿಕ್ಕಿಲ್ಲ, ಅವರೂ ಮಾಡ್ಲಿಕ್ಕಿಲ್ಲ. ಆ ಕ್ರಮ ಇರೋದೇ ಅದಕ್ಕೆ ನಾ?"

ಅದಕ್ಕೇ ಇರುವುದಾ ಎಂದು ನಾನೂ ಯೋಚಿಸಿರಲಿಲ್ಲ. ಅದಕ್ಕೇ ಎಂದೆ.

"ಪಕ್ಕಾ ಕೇಳ್ತೀರಿ?"

"ತಾರಾನಾಥ ಮಾತು ಕೊಟ್ಟರೆ ಮುಗೀತು. ನೀನು ಹೇಳು, ನಾನು ಸಂಭಾಳಿಸ್ತೇನೆ."

ಎರಡು ಬಿಸ್ಕತ್ತು ಹೆಚ್ಚು ತಿಂದಳು.

24 ಜನವರಿ, ಶನಿವಾರ. ಸಂಜೆ 6

ರಿಹರ್ಸಲ್ ಮುಗಿಯಿತು. ಕಾರ್ಕಳದಲ್ಲಿ ರಾಯರ ಹತ್ತಿರ ಲ್ಯಾಪ್‌ಟಾಪ್ ಇದೆ, ಆದರೆ ಅವರು ಕ್ಯಾಮೆರಾಕ್ಕೆ ಹಣೆ ಮಾತ್ರ ತೋರಿಸುತ್ತಾರೆ. ಡಬ್ಬದ ಮೇಲೆ ಇಡಿಸಿದೆ. ವಾರಿಜಮ್ಮ ಸ್ಕ್ರೀನಿಗೆ ಕೈಮುಗಿದರು. ಕಶ್ಯಪ ಬಹ್ರೈನಿನಿಂದ ತಕ್ಷಣ ಬಂದ. ಮಾತು ಕಮ್ಮಿ, ಕಲಿಯುವುದು ಬೇಗ. ಒಂದೇ ಸಲಕ್ಕೆ "ಕಶ್ಯಪ ಮಾತಾಡುವುದು" ಎಂದು ಶುರು ಮಾಡಿದ. ಎಲ್ಲ ಕಡೆ ಗೋಡೆ ಫ್ಯಾನ್ ಹಾಕಿಸಿದೆ. ಅಕ್ಕ ಶಾಲು ಹೊದ್ದು ಬೈದಳು.

ನಾಳೆ ಭಾನುವಾರ, ಹಳಿ ರಿಪೇರಿಯ ಮೆಗಾಬ್ಲಾಕ್. ಠಾಣೆಯಿಂದ ಕಲ್ಯಾಣ ಕಡೆಗೆ ರೈಲು ಸರಿಯಾಗಿ ಇಲ್ಲ. ಜಯಲತಾ, "ಬಸ್ಸಿನಲ್ಲಾದ್ರೂ ಡೊಂಬಿವಲಿಗೆ ಹೋಗಿ ಅವಳ ಹತ್ತಿರ ಕೂತ್ಕೊಳ್ಳಿ" ಎಂದಳು. ಬೇಡ ಎಂದೆ. ಕಾನ್ಫರೆನ್ಸ್ ನಡೆಸುವವನು ತನ್ನ ಜಾಗದಲ್ಲೇ ಇರಬೇಕು. ಮೆಗಾಬ್ಲಾಕ್ ಇದ್ದರೂ ನಿಶ್ಚಯ ನಿಲ್ಲಲಿಲ್ಲ ಎಂದು ನಾಲ್ಕು ಜನ ಹೇಳಬೇಕು.

25 ಜನವರಿ, ಭಾನುವಾರ. ಮಧ್ಯಾಹ್ನ 12.50

ಆಯಿತು. ಹನ್ನೊಂದೂ ಇಪ್ಪತ್ತಕ್ಕೆ ಶುರು, ಹನ್ನೆರಡಕ್ಕೆ ಮುಗಿಯಿತು. ನಾಲ್ಕು ಚೌಕ. ಕೋಪರಿಯಲ್ಲಿ ನಾನು ಮತ್ತು ಜಯಲತಾ, ಹೋಟೆಲಿನ ಗಿರಾಕಿಗಳು ಆರು ಜನ ಹಿಂದೆ ನಿಂತು ನೋಡುತ್ತಿದ್ದರು. ಡೊಂಬಿವಲಿಯಲ್ಲಿ ಅಶ್ಮಿತಾ, ನೀಲಿ ಸೀರೆ. ಅಕ್ಕ ಒಳಗೆ ಹೊರಗೆ ಓಡುತ್ತಿದ್ದಳು. ಮೂರು ಸಲ ಕೇಳಿದೆ, ಗಂಟೆ ಹೊಡೆದ ಹಾಗೆ ಧ್ವನಿ. ಹುಡುಗಿ ತಲೆ ಬಗ್ಗಿಸಿದಳು. ರಾಯರು, "ಒಪ್ಪಿಗೆ ಆಯ್ತು" ಎಂದರು. ತಟ್ಟೆ ಎತ್ತಿದೆವು. ವಾರಿಜಮ್ಮ ಕಣ್ಣು ಒರೆಸಿಕೊಂಡರು. ಎಲ್ಲ ಕಡೆ ಸಕ್ಕರೆ ಹಂಚಿದರು.

ರಾಯರು, "ಭೇಷ್ ತಾರಾನಾಥರೇ. ಎದುರಿಗೆ ಕೂತು ಮಾಡಿದ್ರೂ ಇಷ್ಟು ಚಂದ ಆಗ್ತಿರಲಿಲ್ಲ" ಎಂದರು. ಗಿರಾಕಿಗಳು ಚಪ್ಪಾಳೆ ಹೊಡೆದರು. ಅವರಿಗೆಲ್ಲ ಕೇಸರಿಬಾತು, ನನ್ನ ಲೆಕ್ಕದಲ್ಲಿ.

ಸಣ್ಣ ವಿಷಯ ಒಂದಿದೆ. ಆಮೇಲೆ ಬರೆಯುತ್ತೇನೆ.

ಅದೇ ದಿನ. ಸಂಜೆ 4.30

ಫ್ಯಾನ್ ನಿಂತಿತ್ತು.

ಡೊಂಬಿವಲಿಯ ಫ್ಯಾನ್ ಎಡಕ್ಕೂ ಬಲಕ್ಕೂ ಮುಖ ತಿರುಗಿಸುವ ಜಾತಿಯದು. ನಾನು ಮೊದಲ ಸಲ "ಒಪ್ಪಿಗೆಯಾ" ಎಂದಾಗ ಅದು ಎಡಕ್ಕೆ ಮುಖ ಮಾಡಿತ್ತು. ಎರಡನೇ ಸಲವೂ ಎಡಕ್ಕೆ. ಮೂರನೇ ಸಲವೂ. ಅಶ್ಮಿತಾಳ ತಲೆ ಬಗ್ಗಿದ್ದು ಬಗ್ಗಿದ ಹಾಗೇ ಇತ್ತು. ಸೀರೆಯ ಸೆರಗು ಅರ್ಧ ಹಾರಿ ಗಾಳಿಯಲ್ಲೇ ನಿಂತಿತ್ತು.

ನೋಡಿದೆ. ನೋಡಿಯೇ ಮೂರನೇ ಸಲ ಕೇಳಿದೆ. ನಿಲ್ಲಿ, ಲೈನ್ ಹೋಗಿದೆ ಎನ್ನಬೇಕಿತ್ತು. ಅಷ್ಟರಲ್ಲಿ ರಾಯರು ಒಪ್ಪಿಗೆ ಎಂದುಬಿಟ್ಟರು. ಚಪ್ಪಾಳೆ ಬಂತು. ಹೊಗಳಿಕೆ ಬಂತು. ಬಾಯಿ ಮುಚ್ಚಿಕೊಂಡೆ.

ಡೊಂಬಿವಲಿಯ ಚೌಕ ಎರಡು ನಿಮಿಷದ ಮೇಲೆ ತಿರುಗಿ ಬಂತು. ಅಷ್ಟರಲ್ಲಿ ಎಲ್ಲರ ಬಾಯಲ್ಲಿ ಸಕ್ಕರೆ. ಅಶ್ಮಿತಾ ಉಸಿರು ಬಿಡುತ್ತಾ, "ಬಂದೆ, ಏನಾಯಿತು" ಎಂದು ಕೇಳಿದಳು — ನಿಯಮದ ಪ್ರಕಾರ. ಯಾರೂ ಹೇಳಲಿಲ್ಲ. ಅಕ್ಕ ಒಳಗಿನಿಂದ ಬಂದು ಅವಳನ್ನು ಅಪ್ಪಿಕೊಂಡಳು. ಅಕ್ಕನ ಹೆಗಲ ಮೇಲಿನಿಂದ ಅವಳು ಕ್ಯಾಮೆರಾ ನೋಡುತ್ತಿದ್ದಳು.

28 ಜನವರಿ, ಬುಧವಾರ

ಏಳಕ್ಕೆ ಕಾನ್ಫರೆನ್ಸ್. ಎರಡು ಚೌಕ. ಅಶ್ಮಿತಾ ಮೂರು ದಿನದಿಂದ ಇಲ್ಲ. ಮೆನು ಮಾತ್ರ ಮೇಲ್ ಆಗುತ್ತಿದೆ. ಮುರಾರಿ ಫೋನಿನಲ್ಲಿ ಹೇಳುತ್ತಾನೆ, ಅವಳು ಕಳಿಸುತ್ತಾಳೆ.

"ಮದುವೆ ಹೆಣ್ಣಲ್ವಾ ಅಣ್ಣ, ನಾಚಿಕೆ" ಎಂದ ಮುರಾರಿ.

ಹೂಂ ಎಂದೆ.

2 ಫೆಬ್ರವರಿ, ಸೋಮವಾರ. ಸಂಜೆ 5.15

ಮಹಾಪೆ. ನಾಲ್ಕಕ್ಕೆ ಬಂದಳು. ನಾನಿರುವುದು ಗೊತ್ತಿದ್ದರೆ ಬರುತ್ತಿರಲಿಲ್ಲ. ಚಹಾ ನಾನೇ ಕೊಟ್ಟೆ.

"ನೀವು ಕೇಳಲೇ ಇಲ್ಲ ಮಾಮಾ."

"ಕೇಳಿದೆ."

ಸುಳ್ಳಲ್ಲ. ಮೂರು ಸಲ ಕೇಳಿದ್ದೇನೆ, ಆರು ಗಿರಾಕಿಗಳು ಸಾಕ್ಷಿ.

"ಕಿಸ್ಕೋ? ಯಾರನ್ನು ಕೇಳಿದ್ರಿ?" ಎಂದಳು. "ನಾನು ಟೇಬಲ್ ಕೆಳಗೆ ಬಗ್ಗಿ ಮೋಡೆಮ್ ನೋಡ್ತಿದ್ದೆ. ಅದರ ಲೈಟ್ ಹೋಗಿತ್ತು. ಪಿನ್ ಲೂಸ್. ತಲೆ ಎತ್ತುವಾಗ ಲಗ್ನ ಫಿಕ್ಸ್."

ಗ್ಲಾಸು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

"ನಿಮಗೆ ತಿಳಿದಿಲ್ವಾ, ಪಿಕ್ಚರ್ ಅಟಕಿದ್ದು? ಮುರಾರಿ ಅಣ್ಣನ ಇಡ್ಲಿಗೆ ರೂಲ್ ಮಾಡಿದ್ರಿ. ಗೋಡೆಗೆ ಅಂಟಿಸಿದ್ರಿ."

ಆ ಗಡಿಬಿಡಿಯಲ್ಲಿ ನೋಡಲಿಲ್ಲ ಎಂದೆ. ಇದು ಸುಳ್ಳು.

ಅವಳು ನನ್ನ ಮುಖ ನೋಡಿದಳು, ಅಂಗಡಿಯವನು ಕೊಟ್ಟ ಹರಿದ ನೋಟು ನೋಡುವ ಹಾಗೆ. ಚಹಾ ಪೂರ್ತಿ ಕುಡಿದು ಗ್ಲಾಸು ಇಟ್ಟು, "ಥ್ಯಾಂಕ್ ಯೂ ಮಾಮಾ" ಎಂದು ಹೋದಳು. ಬಿಸ್ಕತ್ತು ಮುಟ್ಟಲಿಲ್ಲ. ದಪ್ಪ ಪುಸ್ತಕ ಇರಲಿಲ್ಲ ಕೈಯಲ್ಲಿ.

3 ಫೆಬ್ರವರಿ, ಮಂಗಳವಾರ

ಅಕ್ಕನಿಗೆ ಫೋನು. ಆ ದಿನ ಲೈನ್ ಹೋಗಿತ್ತು ಎಂದು ಶುರು ಮಾಡಿದೆ.

"ಗೊತ್ತುಂಟು" ಎಂದಳು.

"ಗೊತ್ತುಂಟಾ?"

"ನಾನು ಒಳಗಿಂದ ಇಣುಕುವಾಗ ಅವಳು ಟೇಬಲಿನ ಕೆಳಗಿದ್ಲು. ನೀನು ಎಂತ ಕೇಳಿದ್ದು, ಯಾರಿಗೆ ಕೇಳಿದ್ದು, ದೇವರಿಗೇ ಗೊತ್ತು. ಇರ್ಲಿ ಬಿಡು. ಒಳ್ಳೆ ಮನೆ. ಅಪ್ಪ ಇಲ್ಲದ ಹುಡುಗಿ. ಈಗ ಅದನ್ನು ಎತ್ತಿದ್ರೆ ರಾಯರು ಎದ್ದು ಹೋಗ್ತಾರೆ. ಪರೀಕ್ಷೆ ವರ್ಷಕ್ಕೆ ಎರಡು ಸಲ ಬರ್ತದೆ, ಇಂಥ ಮನೆ ಬರುದಿಲ್ಲ. ಹದಿನೈದಕ್ಕೆ ಮದುವೆ ದಿನ ಗೊತ್ತು ಮಾಡುದು, ಮತ್ತೆ ಕಾರ್ಡು. ನೀನು ಬಾಯಿ ಮುಚ್ಚಿಕೊಂಡಿರು ತಾರು. ಒಂದು ಸಲ ಆದ್ರೂ."

ಐವತ್ತೆರಡು ವರ್ಷದಲ್ಲಿ ಯಾರೂ ನನಗೆ ಇಷ್ಟು ಸುಲಭದ ಕೆಲಸ ಕೊಟ್ಟದ್ದಿಲ್ಲ.

9 ಫೆಬ್ರವರಿ, ಸೋಮವಾರ. ರಾತ್ರಿ 8

ಹೆಸರು ಕಲ್ಯಾಣದವರೆಗೆ ಹೋಗಿದೆ. ಅಲ್ಲಿಯ ಹೋಟೆಲಿನ ಗುರುವಪ್ಪ ಬಂದಿದ್ದ. ಅವನ ಎರಡು ಬ್ರಾಂಚಿಗೂ ನನ್ನ ಹಾಗೆ ಬೆಳಗಿನ ಕಾನ್ಫರೆನ್ಸ್ ಬೇಕಂತೆ. ಡಬ್ಬ, ಕಿಟಕಿ, ಫೋನು, ಎಲ್ಲ ಹೇಳಿಕೊಟ್ಟೆ. ಗೋಡೆಯ ಕಾಗದ ಓದಿದ.

"ಈ ಫ್ಯಾನ್ ರೂಲು ಭಾರಿ ಉಂಟು ತಾರಣ್ಣ. ಇದು ಎಲ್ಲಿ ಕಲಿತದ್ದು?"

ಜಯಲತಾ ಗಲ್ಲಾದ ಹತ್ತಿರ ಕೂತಿದ್ದಳು. ತಲೆ ಎತ್ತದೆ, "ಅದು ಇಡ್ಲಿಗೆ ಮಾತ್ರ" ಎಂದಳು.

ಅವಳು ಆ ದಿನ ನನ್ನ ಪಕ್ಕದಲ್ಲೇ ಕೂತಿದ್ದಳಲ್ಲ. ಹದಿನೈದು ದಿನದಿಂದ ಅವಳಿಗೂ ಗೊತ್ತಿದೆ, ನನಗೂ ಗೊತ್ತಿದೆ. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ ಬೇರೆ ಬೇರೆ ಗೋಡೆ ನೋಡುತ್ತೇವೆ.

ಗುರುವಪ್ಪ ಹೋದ ಮೇಲೆ ಕೇಳಿದೆ. "ಆಗಲೇ ಹೇಳ್ಬಹುದಿತ್ತಲ್ಲ ನೀನು?"

"ಸೋದರಮಾವ ನಾನಾ?"

14 ಫೆಬ್ರವರಿ, ಶನಿವಾರ

ನಾಳೆ ಹನ್ನೊಂದಕ್ಕೆ ಕಾನ್ಫರೆನ್ಸ್. ದಿನ ಗೊತ್ತು ಮಾಡುವುದು. ಏಪ್ರಿಲ್ 26ಕ್ಕೆ ಕಾರ್ಕಳದಲ್ಲಿ ಹಾಲ್ ಖಾಲಿ ಇದೆಯಂತೆ. ಪರೀಕ್ಷೆ ಮೇ ಮೊದಲ ವಾರ.

ಗೋಡೆಯ ಕಾಗದ ಕಿತ್ತು ತೆಗೆಯೋಣ ಎಂದು ಸ್ಟೂಲು ಹತ್ತಿದೆ. ಇಳಿದೆ.

15 ಫೆಬ್ರವರಿ, ಭಾನುವಾರ. ಸಂಜೆ 6, ಡೊಂಬಿವಲಿ

ಇವತ್ತೂ ಮೆಗಾಬ್ಲಾಕ್. ಎಂಟಕ್ಕೆ ಬಸ್ಸು ಹತ್ತಿದೆ. ಶಿಳ್‌ಫಾಟಾದಲ್ಲಿ ಟ್ರಾಫಿಕ್. ಎರಡು ಗಂಟೆ ನಿಂತೇ ಬಂದೆ. ಅಕ್ಕ ಬಾಗಿಲು ತೆಗೆದು, "ನೀನೆಂತ ಇಲ್ಲಿ? ಕೋಪರಿಯಲ್ಲಿ ಯಾರು?" ಎಂದಳು.

"ಅಲ್ಲಿ ಜಯಲತಾ ಸಾಕು."

ಮೊದಲು ಟೇಬಲಿನ ಕೆಳಗೆ ಹೋಗಿ ಮೋಡೆಮಿನ ಪಿನ್ನಿಗೆ ಟೇಪು ಸುತ್ತಿದೆ. ಆಮೇಲೆ ಅಶ್ಮಿತಾಳ ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳು ಕುರ್ಚಿ ಒಂದು ಗೇಣು ಆಚೆ ಸರಿಸಿಕೊಂಡಳು.

ಹನ್ನೊಂದಕ್ಕೆ ನಾಲ್ಕು ಚೌಕ. ರಾಯರು ಪಂಚಾಂಗ ಬಿಡಿಸಿ, "ಏಪ್ರಿಲ್ ಇಪ್ಪತ್ತಾರು ಎಲ್ಲದಕ್ಕೂ ಅನುಕೂಲ" ಎಂದರು. ಅಕ್ಕ ಬಾಯಿ ತೆರೆಯುವ ಮೊದಲೇ ಕೈ ಎತ್ತಿದೆ.

"ತಾರಾನಾಥ ಮಾತಾಡುವುದು. ರಾಯರೇ, ಆ ದಿವಸ ನಾನು ಕೇಳಿದ್ದು ಹುಡುಗಿಗೆ ಮುಟ್ಟಲಿಲ್ಲ. ಲೈನ್ ಕಟ್ ಆಗಿತ್ತು. ಅವಳು ತಲೆ ಬಗ್ಗಿಸಿದ್ದು ವಯರು ನೋಡ್ಲಿಕ್ಕೆ."

ರಾಯರು ಕನ್ನಡಕ ತೆಗೆದರು. "ಇದು ಇವತ್ತು ಗೊತ್ತಾದ್ದಾ?"

"ಅಲ್ಲ. ಅವತ್ತೇ ನೋಡಿದ್ದೆ. ಫ್ಯಾನ್ ನಿಂತಿತ್ತು. ನೀವು ಹೊಗಳಿದಿರಿ, ನಾನು ಸುಮ್ಮನಾದೆ."

"ಯಾವ ಫ್ಯಾನ್ ಮಗಾ?" ಎಂದರು ವಾರಿಜಮ್ಮ. "ಇಲ್ಲಿ ತಿರುಗ್ತಾ ಉಂಟಲ್ಲ."

ಅಕ್ಕ ಮೇಜಿನ ಕೆಳಗಿನಿಂದ ನನ್ನ ಕಾಲು ತುಳಿದಳು. ಚಪ್ಪಲಿ ಇರಲಿಲ್ಲ, ಆದರೂ ನೋವಾಯಿತು. ಕಾಲು ತೆಗೆಯಲಿಲ್ಲ.

"ಹಾಗಾಗಿ ಈಗ ಕೇಳುವುದು" ಎಂದೆ. ಅಶ್ಮಿತಾಳ ಕಡೆ ತಿರುಗಿದೆ. "ಒಪ್ಪಿಗೆಯಾ?"

ಅವಳು ಸ್ಕ್ರೀನು ನೋಡಲಿಲ್ಲ. ನನ್ನನ್ನು ನೋಡಿದಳು.

"ಒಪ್ಪಿಗೆಯಾ?"

ಫ್ಯಾನ್ ಎಡಕ್ಕೆ ಹೋಗಿ ಬಲಕ್ಕೆ ಬಂತು. ನನ್ನ ಕುತ್ತಿಗೆಗೆ ತಣ್ಣಗೆ ಗಾಳಿ.

ಮೂರನೇ ಸಲ ಕೇಳಿದೆ. ಅವಳು ತಲೆ ಎತ್ತಿಯೇ ಮಾತಾಡಿದಳು. ಹಿಂದಿ ಇಲ್ಲ, ಮರಾಠಿ ಇಲ್ಲ. ಬರೆದು ಬಾಯಿಪಾಠ ಮಾಡಿದ್ದಳೆಂದು ಕಾಣುತ್ತದೆ, ಮೂರು ವಾರದಿಂದ ಒಳಗೇ ಇಟ್ಟುಕೊಂಡಿದ್ದಳು.

"ಅಶ್ಮಿತಾ ಮಾತಾಡುವುದು. ನನ್ನ ಪರೀಕ್ಷೆ ಮುಗಿದು ನಾನು ಪಾಸಾಗುವವರೆಗೆ ಮದುವೆ ಆಗುವುದಿಲ್ಲ. ಅಷ್ಟು ದಿನ ಕಾಯಲು ನಿಮಗೆ ಆಗುವುದಾದರೆ ನನಗೆ ಒಪ್ಪಿಗೆ. ಆಗದಿದ್ದರೆ ಇಲ್ಲ."

ಎಲ್ಲ ಚೌಕದಲ್ಲೂ ಫ್ಯಾನ್ ತಿರುಗುತ್ತಿತ್ತು. ಲೈನ್ ಹೋಗಿದೆ ಎಂದು ಹೇಳಲು ಯಾರಿಗೂ ಅವಕಾಶ ಇರಲಿಲ್ಲ.

ರಾಯರು, "ಒಂದು ಸಲ ಆದ ನಿಶ್ಚಯವನ್ನು ಇನ್ನೊಂದು ಸಲ ಕೇಳುವ ಕ್ರಮ ನಾವು ಕಂಡದ್ದಿಲ್ಲ" ಎಂದರು. ಅವರ ಚೌಕ ಕಪ್ಪಾಯಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೆ ರಾಯರು ಬಂದ್ ಮಾಡಿದ್ದು ಚಿತ್ರ ಮಾತ್ರ. ಧ್ವನಿ ಬಂದ್ ಮಾಡಲು ಅವರಿಗೆ ಇನ್ನೂ ಬರುವುದಿಲ್ಲ. ಕಪ್ಪು ಚೌಕದಿಂದ ವಾರಿಜಮ್ಮನ ಮಾತು ಸ್ಪಷ್ಟವಾಗಿ ಬಂತು.

"ಸರಿಯಾಗಿಯೇ ಹೇಳಿದ್ಲಲ್ಲ ಹುಡುಗಿ. ನಮ್ಮ ಕಾಲದಲ್ಲಿ ನಮ್ಮನ್ನೂ ಕೇಳಿದ್ದು ಉಂಟು. ಹೇಳ್ಲಿಕ್ಕೆ ಬಿಟ್ಟವರು ಯಾರು? ನೀನು ಸಿಟ್ಟು ಮಾಡ್ಬೇಡ, ಮೊದಲು ಊಟ ಮಾಡು."

ಆಮೇಲೆ ಕಪ್ಪು ಚೌಕವೂ ಹೋಯಿತು. ಉಳಿದದ್ದು ಬಹ್ರೈನಿನ ಚೌಕ. ಹುಡುಗ ಕೈ ಎತ್ತಿದ್ದ, ಎಷ್ಟು ಹೊತ್ತಿನಿಂದಲೋ. ನಾವು ಯಾರೂ ನೋಡಿರಲಿಲ್ಲ.

"ಕಶ್ಯಪ ಮಾತಾಡುವುದು. ಪರೀಕ್ಷೆ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅಶ್ಮಿತಾ ಅವರ ಹತ್ತಿರ ನಾನು ಹತ್ತು ನಿಮಿಷ ಮಾತಾಡಬಹುದಾ? ಬೇರೆ ಯಾರೂ ಇಲ್ಲದೆ. ಇದುವರೆಗೆ ನಾವಿಬ್ಬರೇ ಮಾತಾಡಿದ್ದೇ ಇಲ್ಲ."

"ಅದೆಲ್ಲ ಎಂತ..." ಎಂದಳು ಅಕ್ಕ. ನಾನು ಅವಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಕೋಪರಿಯ ಚೌಕ ಆಗಲೇ ಖಾಲಿ. ಜಯಲತಾ ಹೇಳದೆಯೇ ಎದ್ದು ಹೋಗಿದ್ದಳು. ಅವಳಿಗೆ ಈ ವಿದ್ಯೆ ತಿಳಿಯುವುದಿಲ್ಲ ಎಂದು ಹಿಂದೆ ಎಲ್ಲೋ ಬರೆದಿದ್ದೇನೆ.

ಹತ್ತು ನಿಮಿಷ ನಲವತ್ತು ಆಯಿತು. ಅಕ್ಕ ಒಂದೇ ತೆಂಗಿನಕಾಯಿಯನ್ನು ತುರಿದೂ ತುರಿದೂ ಚಿಪ್ಪು ಕಂಡಿತು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಕಿವಿ ಆಚೆಗೇ ಇತ್ತು, ಒಪ್ಪಿಕೊಳ್ಳುತ್ತೇನೆ. ಮಾತು ಕೇಳಿಸಲಿಲ್ಲ. ಒಂದು ಸಲ ಅವಳು ನಕ್ಕದ್ದು ಕೇಳಿಸಿತು.

ಅಶ್ಮಿತಾ ಹೊರಗೆ ಬಂದು, "ಅವರು ತಂದೆ ಹತ್ತಿರ ಮಾತಾಡ್ತಾರಂತೆ. ನವೆಂಬರ್ ತನಕ ಕಾಯ್ತೇನೆ ಅಂದ್ರು. ಅಷ್ಟರಲ್ಲಿ ಪಾಸ್ ಆಗಲಿಲ್ಲ ಅಂದ್ರೆ ಇನ್ನೊಂದ್ಸಲ ಮಾತಾಡೋಣ ಅಂದ್ರು" ಎಂದಳು, ಅಮ್ಮನಿಗೆ. ನನಗಲ್ಲ.

ರಾಯರಿಂದ ಇನ್ನೂ ಫೋನು ಇಲ್ಲ. ಬರುತ್ತದೋ ಇಲ್ಲವೋ.

ಹೊರಡುವಾಗ ಚಪ್ಪಲಿ ಹುಡುಕುತ್ತಿದ್ದೆ. ಅಶ್ಮಿತಾ ಬಾಗಿಲ ಹತ್ತಿರ ಬಂದಳು.

"ಮಾಮಾ, ನಾಳೆ ಮೆನು ಕ್ಯಾ ಹೈ?"

16 ಫೆಬ್ರವರಿ, ಸೋಮವಾರ. ಬೆಳಿಗ್ಗೆ 7.20

ಏಳಕ್ಕೆ ಕಾನ್ಫರೆನ್ಸ್. ಮೂರು ಚೌಕ, ಇಪ್ಪತ್ತೆರಡು ದಿನದ ಮೇಲೆ. ಅವಳ ಮುಂದೆ ದಪ್ಪ ಪುಸ್ತಕ.

ಏಳಕ್ಕೆ ಒಂದು ನಿಮಿಷ ಇರುವಾಗ ನನ್ನ ಬೆನ್ನ ಹಿಂದಿನ ಫ್ಯಾನ್ ನಾನೇ ಬಂದ್ ಮಾಡಿದ್ದೆ. ಸೌಟು ಎತ್ತಿಕೊಂಡು, ಬಾಯಿ ಅರ್ಧ ತೆರೆದು, ಅಲ್ಲಾಡದೆ ಕೂತೆ. ಅವಳು ನೋಡುತ್ತಾಳಾ ಎಂದು ನೋಡಬೇಕಿತ್ತು.

"ಅಣ್ಣನ ಲೈನ್ ಹೋಯ್ತು" ಎಂದ ಮುರಾರಿ.

ಅಶ್ಮಿತಾ ಕ್ಯಾಮೆರಾಕ್ಕೆ ಮುಖ ಹತ್ತಿರ ತಂದಳು. "ಫ್ಯಾನ್ ಬಂದ್ ಆಹೆ" ಎಂದಳು. ನನ್ನ ಮೂಗಿನ ತುದಿ ತುರಿಸುತ್ತಿತ್ತು.

"ಲೈನ್ ಹೋಗಿದ್ರೆ ಚಾಂಗ್ಲಾ, ಒಳ್ಳೇದೇ ಆಯ್ತು ಮುರಾರಿ ಅಣ್ಣ. ನೀವು ಸಾಕ್ಷಿ. ಮಾಮಾ, ಪರೀಕ್ಷೆ ಮುಗಿಯೋ ತನಕ ಮೆನು ಇಂಗ್ಲಿಷಿನಲ್ಲಿ ನೀವೇ ಬರೀತೀರಿ. ಒಪ್ಪಿಗೆಯಾ?"

ಅಲ್ಲಾಡಲಿಲ್ಲ.

"ಒಪ್ಪಿಗೆಯಾ?"

ಹಿಂದೆ ಜಯಲತಾ ಕೆಮ್ಮಿದಳು. ಅದು ಕೆಮ್ಮಲ್ಲ. ಸೌಟಿನಿಂದ ಸಾಂಬಾರು ಮೊಣಕೈವರೆಗೆ ಇಳಿಯುತ್ತಿತ್ತು.

ಮೂರನೇ ಸಲ ಅವಳು ನಿಧಾನ ಕೇಳಿದಳು, ನಾನು ಅವತ್ತು ಕೇಳಿದ ಹಾಗೆಯೇ, ಗಂಟೆ ಹೊಡೆದ ಹಾಗೆ. ನಾನು ತಲೆ ಬಗ್ಗಿ —